ಗುಂಡಿಯೊಳಗಿಂದ ಕೊಟ್ಟ ರಜೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನದಲ್ಲದ ದನಿಯಲ್ಲಿ, ನಾನು ಕೊಡಲು ಬಾರದ ರಜೆಯನ್ನು ಕೊಟ್ಟವನು ನಾನೇ. ಇಂಥ ಬುದ್ಧಿ ನನಗಲ್ಲದೆ ಬೇರೆಯವರಿಗೆ ಹೊಳೆಯುವುದಿಲ್ಲ ಎಂದು ನಮ್ಮವ್ವ ಹೇಳುತ್ತಾಳೆ. ಹೊಗಳಿಕೆಯಾಗಿ ಅಲ್ಲ.

ದಾಂಡೇಲಿಯ ಗ್ಯಾರೇಜೊಂದರಲ್ಲಿ ನಾನು ಮೆಕ್ಯಾನಿಕ್. ಕೈಗಿಂತ ಬಾಯಿ ಚುರುಕು. ಕೆಟ್ಟ ಬ್ರೇಕನ್ನು ಸರಿಮಾಡುವುದಕ್ಕಿಂತ ಅದರ ಕಿರುಚಾಟವನ್ನು ಹಾಗೆಯೇ ಮಾಡಿ ತೋರಿಸುವುದು ನನಗೆ ಸಲೀಸು. ನಮ್ಮ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತೇವೆ. ದಿನದ ಅರ್ಧ ಹೊತ್ತು ಅವರು ಗಾಡಿಯ ಅಡಿಗೆ ನಿಂತು ಕೆಲಸ ಮಾಡಲು ತೋಡಿದ ಗುಂಡಿಯಲ್ಲೇ ಇರುತ್ತಾರೆ. ಮುಖ ಕಾಣುವುದಿಲ್ಲ, ಎರಡು ಸಲ ಕೆಮ್ಮು, ಆಮೇಲೆ ಅಪ್ಪಣೆ. ಗುಂಡಿಯಿಂದ ಮಾತು ಬಂದರೆ ಯಾರೂ ಬಗ್ಗಿ ನೋಡುವುದಿಲ್ಲ, ಹೇಳಿದ್ದನ್ನು ಮಾಡುತ್ತಾರೆ, ಅಷ್ಟೇ. ಆ ಕೆಮ್ಮನ್ನು ನಾನು ಕಲಿತಿದ್ದೆ.

ನಮ್ಮ ಜೊತೆ ಕುಂಬಾರವಾಡದ ಅಣ್ಣ ಒಬ್ಬರಿದ್ದಾರೆ. ಗೇರ್‌ಬಾಕ್ಸಿನ ಕೆಲಸದಲ್ಲಿ ಎತ್ತಿದ ಕೈ, ಬಾಯಿ ಬಿಡುವುದರಲ್ಲಿ ಕಂಜೂಸ್. ಇದು ನಡೆದ ಮರುದಿನ ಬೆಳಿಗ್ಗೆ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಆ ದಿನದ ಕೊನೆಯದಾದ ಮಧ್ಯಾಹ್ನದ ಬಸ್ಸು ತಪ್ಪಿದರೆ ಅಪ್ಪನಿಲ್ಲದೆಯೇ ಹುಡುಗಿ ಚಹಾದ ತಟ್ಟೆ ಹಿಡಿದು ಬರಬೇಕು. ಆದರೆ ಉಳವಿಗೆ ಜನರನ್ನು ಒಯ್ಯುವ ಟೆಂಪೊದ ಗೇರ್‌ಬಾಕ್ಸ್ ಅವರ ಮುಂದೆ ಬಿಚ್ಚಿ ಬಿದ್ದಿತ್ತು. ಸಂಜೆಗೆ ಗಾಡಿ ಕೊಡಬೇಕಿತ್ತು.

“ಉಸ್ತಾದ್‌ಗೆ ಹೆಂಗ ಕೇಳ್ಲೋ ತಮ್ಮಾ?” ಎಂದರು.

“ಮೊದಲ ನನ್ನ ಮುಂದ ಕೇಳಿ ರೂಢಿ ಮಾಡ್ಕೋರಿ ಅಣ್ಣಾ,” ಎಂದು ನಾನೇ ಉಸ್ತಾದ್ ಆದೆ.

ಮೂರು ಸಲ ಕೇಳಿದರು. ಮೂರು ಸಲವೂ ಕೆಮ್ಮಿ ಬೈದೆ. “ಗೇರ್‌ಬಾಕ್ಸ್ ಏನು ನಿಮ್ಮ ಬೀಗರು ಬಂದು ಕೂಡಸ್ತಾರೇನು?” ಎಂದಾಗ ಅಣ್ಣನೂ ನಕ್ಕರು. ಆದರೆ ಕೇಳಬೇಕೆಂದು ಕೂಡಿಸಿಕೊಂಡಿದ್ದ ಧೈರ್ಯವೆಲ್ಲ ಆ ನಗುವಿನ ಜೊತೆ ಹೊರಟುಹೋಯಿತು. ಸುಮ್ಮನೆ ಹಿತ್ತಲಿಗೆ ಹೋಗಿ ಹಲ್ಲುಚಕ್ರಗಳನ್ನು ಡೀಸೆಲ್‌ನಲ್ಲಿ ತೊಳೆಯುತ್ತ ಕುಳಿತರು.

ಅಷ್ಟರಲ್ಲಿ ಉಸ್ತಾದ್ ಬೇರಿಂಗ್ ತರಲು ಹಳಿಯಾಳಕ್ಕೆ ಹೋದರು. ಅಣ್ಣ ಅದನ್ನು ನೋಡಿರಲಿಲ್ಲ. ನಾನು ಗುಂಡಿಗೆ ಇಳಿದೆ. ಅಣ್ಣ ಒಳಗೆ ಬಂದ ಹೆಜ್ಜೆ ಕೇಳಿತು. ಎರಡು ಸಲ ಕೆಮ್ಮಿ, “ಏ, ಊರಿಗೆ ಹೋಗು. ಮಗಳ ಕೆಲಸ ಮುಗಿಸ್ಕೊಂಡು ಬಾ,” ಎಂದೆ.

ಅವರು ಬಗ್ಗಿ ಕೈಮುಗಿಯುತ್ತಾರೆ, ನನ್ನ ಹಲ್ಲು ಕಾಣುತ್ತದೆ, ಇಬ್ಬರೂ ನಗುತ್ತೇವೆ ಎಂಬುದು ನನ್ನ ಲೆಕ್ಕ. ಗುಂಡಿಯ ಮಾತಿಗೆ ಯಾರೂ ಬಗ್ಗುವುದಿಲ್ಲ ಎಂಬುದನ್ನೇ ಮರೆತಿದ್ದೆ. ಅವರ ಪರವಾಗಿ ನಾನೇ ಕೇಳಿದ್ದೇನೆ ಎಂದುಕೊಂಡರೋ ಏನೋ, “ಆತ್ರಿ ಉಸ್ತಾದ್,” ಎಂಬ ಮಾತೊಂದು ಕೇಳಿತು. ನಾನು ಮೇಲೆ ಹತ್ತುವಷ್ಟರಲ್ಲಿ ಅವರ ಗ್ರೀಸಿನ ಅಂಗಿ ಮೊಳೆಗೆ ನೇತಾಡುತ್ತಿತ್ತು. ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸಿನ ಬೆನ್ನು ಕಂಡಿತು. ಫೋನು ಹತ್ತಲಿಲ್ಲ.

ಉಸ್ತಾದ್ ಮರಳಿದಾಗ ಟೆಂಪೊದವನೂ ಬಂದು ನಿಂತಿದ್ದ. ಬಿಚ್ಚಿದ ಗೇರ್‌ಬಾಕ್ಸ್ ನೋಡಿ, “ನಡುವ ಕೆಲಸ ಬಿಟ್ಟು ಓಡಿ ಹೋಗಾವ್ರನ್ನ ಯಾಕ ಇಟ್ಕೋತೀರಿ? ಮೊದಲ ತಗದ್ಹಾಕ್ರಿ,” ಎಂದ. ನನ್ನ ಹುಡುಗಾಟಕ್ಕೆ ಅಣ್ಣನ ಅನ್ನ ಹೋಗುತ್ತದಲ್ಲ ಎನಿಸಿತು. ಉಸ್ತಾದ್‌ರನ್ನು ಬದಿಗೆ ಕರೆದು ಎಲ್ಲವನ್ನೂ ಹೇಳಿದೆ. ನನ್ನದೇ ದನಿಯಲ್ಲಿ. ಅದು ಅಷ್ಟು ಸಣ್ಣದೆಂದು ಅಂದೇ ಗೊತ್ತಾದದ್ದು.

ಅವರು ನೇರ ಟೆಂಪೊದವನ ಹತ್ತಿರ ಹೋಗಿ, “ಅಂವಗ ರಜಾ ಕೊಟ್ಟಾಂವ ನಾನ. ಬೈಯೂದಿದ್ರ ನನಗ ಬೈರಿ. ಗಾಡಿ ಸಂಜಿಗೇ ಕೊಡ್ತೇನಿ,” ಎಂದರು.

ಆಮೇಲೆ ಅಂಗಿಯ ತೋಳು ಮಡಚಿ ನನ್ನನ್ನೂ ಎಳೆದುಕೊಂಡು ಗೇರ್‌ಬಾಕ್ಸಿಗೆ ಕುಳಿತರು. ಅರ್ಧ ಕೆಲಸ ಮುಗಿದಾಗ ಕೇಳಿದರು: “ಹೆಂಗ ಅಂದಿ? ಮತ್ತೊಮ್ಮೆ ಅನ್ನು.”

ಕೆಮ್ಮಿ, ಅಂದೆ. ತಲೆ ಓರೆ ಮಾಡಿ ಕೇಳಿದರು. “ಕೆಮ್ಮು ಛಲೋ ಐತಿ. ಮಾತು ತಪ್ಪು. ಊರಿಗೆ ಹೊಂಟಾವನ್ನ ಊಟ ಆತೇನು ಅಂತ ಕೇಳ್ದ ಕಳಸ್ತೇನೇನು ನಾ?”

ನಿಜ. ಯಾರು ಊರಿಗೆ ಹೊರಟರೂ ಅವರು ಮೊದಲು ಕೇಳುವುದೇ ಅದು. ಇಷ್ಟು ವರ್ಷ ಕೇಳಿಯೂ ನಾನು ಅದನ್ನು ಕಲಿತಿರಲಿಲ್ಲ. ಬೈಗುಳಕ್ಕೆ ನಗುವಂತೆ ಆ ಮಾತಿಗೆ ಯಾರೂ ನಗುತ್ತಿರಲಿಲ್ಲವಲ್ಲ.

ಮೂರನೆಯ ದಿನ ಅಣ್ಣ ಒಂದು ಚೀಲ ಗೆಣಸಿನೊಡನೆ ಬಂದರು. ಸಂಬಂಧ ಕುದುರಿತ್ತು. “ನೀವು ಹೋಗು ಅಂದಿದ್ಕ ಆತ್ರಿ ಉಸ್ತಾದ್,” ಎಂದರು. ನಿಜ ಹೇಳಲು ನಾನು ಬಾಯಿ ತೆರೆದೆ. ಉಸ್ತಾದ್ ಎರಡು ಸಲ ಕೆಮ್ಮಿದರು. ಎಲ್ಲರಂತೆ ನಾನೂ ಬಾಯಿ ಮುಚ್ಚಿದೆ.

ಅಣ್ಣ ಅಂಗಿ ಬದಲಿಸಲು ಆಚೆ ಹೋದ ಮೇಲೆ, “ಇನ್ನ ಮ್ಯಾಲೆ ನಿಮ್ಮ ದನಿ ತಗಿಯಂಗಿಲ್ರಿ ಉಸ್ತಾದ್,” ಎಂದೆ.

ಗುಂಡಿಗೆ ಇಳಿಯುತ್ತಲೇ ಅವರು ಹೇಳಿದರು: “ತಗಿ ಬೇಟಾ. ಬೈಯೂದಷ್ಟ ನನಗ ಬಿಡು. ರಜಾ ಕೊಡಾಕ ನಿಂತಿ ಅಂದ್ರ ಮೊದಲ ಊಟ ಆತೇನು ಅಂತ ಕೇಳು.”