ಗುಬ್ಬಿಯಿಂದ ಲುಸಾಕಾಗೆ ಎಷ್ಟು ಹೊತ್ತು?

ಗುಬ್ಬಿಯಿಂದ ಬೊಂಬಾಯಿ ಮುಟ್ಟುವಷ್ಟರಲ್ಲಿ ರೈಲಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿತ್ತು. ಅಲ್ಲಿಂದ ಅಷ್ಟು ದೊಡ್ಡ ಸಮುದ್ರ ದಾಟಿ ಆಫ್ರಿಕಾದಲ್ಲಿಳಿಯಲು ಒಂದು ಹಗಲೂ ಪೂರ್ತಿ ಹಿಡಿಯಲಿಲ್ಲ! ನೈರೋಬಿಯಲ್ಲಿ ವಿಮಾನದ ಮೆಟ್ಟಿಲಿಳಿದಾಗ ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿಯ ವಾಸನೆ ಅಂಗಿಯಲ್ಲಿ ಹಾಗೇ ಇತ್ತು, ಸುತ್ತ ಒಂದಾದರೂ ಗುರುತಿನ ಮುಖವಿರಲಿಲ್ಲ. ನನಗೆ ದಿಗಿಲಾಯಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಜಾಂಬಿಯಾ ದೇಶದ ಲುಸಾಕಾದಲ್ಲಿ ಗಣಿತದ ಮೇಷ್ಟರ ಕೆಲಸ ಸಿಕ್ಕಿ ಹೊರಟಿದ್ದೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಕ್ಕ. ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ ಅವರು ತಲುಪುವ ತನಕ ಅವಳು ಕಸ ಗುಡಿಸುವುದಿಲ್ಲ. ಗುಡಿಸಿದರೆ ಹೋದವರನ್ನೇ ಆಚೆ ಹಾಕಿದಂತೆ. ಭಾವ ಕುಣಿಗಲ್ಲಿಗೆ ಹೋದರೂ ಅಷ್ಟೇ, ಬಸ್ಸು ಅಲ್ಲಿ ಮುಟ್ಟಿರಬೇಕು ಅನ್ನಿಸಿದ ಮೇಲೇ ಪೊರಕೆ ಹಿಡಿಯುತ್ತಿದ್ದಳು.

"ಅಲ್ಗೆ ಎಷ್ಟೊತ್ತಾಯ್ತದೆ, ಸರ್ಯಾಗಿ ಹೇಳೋ" ಎಂದಳು ಹೊರಡುವಾಗ.

"ವಿಮಾನ ಹತ್ತಿದ ಮಾರನೇ ದಿನ ಅಲ್ಲಿರ್ತೀನಿ ಕಣಕ್ಕ. ತಲುಪಿದ ತಕ್ಷಣ ತಂತಿ ಕೊಡ್ತೀನಿ."

ನೈರೋಬಿಯಲ್ಲಿ ಹತ್ತಬೇಕಿದ್ದ ಎರಡನೇ ವಿಮಾನ ಕೆಟ್ಟು ನಿಂತಿತು. ನನ್ನ ತಂತಿ ಗುಬ್ಬಿ ಸೇರುವ ಹೊತ್ತಿಗೆ ವಾರವೇ ಕಳೆದಿತ್ತು. ಭಾವ ಆಮೇಲೆ ಬರೆದರು: "ನಿನ್ ವಿಮಾನದ ದೆಸೆಯಿಂದ ಮನೇಲಿ ತೆಂಗಿನ ನಾರು, ಹುಣಸೇಬೀಜ ಎಲ್ಲಾ ಕಾಲಿಗೆ ಸಿಗ್ತಿದ್ವು. ನೆಂಟರು ಮೂಗು ಮುರಿದ್ರೂ ನಿಮ್ಮಕ್ಕ ಜಗ್ಗಲಿಲ್ಲ ಕಣಯ್ಯ." ಓದಿ ನಕ್ಕೆ. ನಗುತ್ತಲೇ ಅಳು ಬಂತು.

ಲುಸಾಕಾದಲ್ಲಿ ಎದುರು ಸಿಕ್ಕವರೆಲ್ಲ "ಮುಲಿ ಬ್ವಾಂಜಿ" ಅನ್ನುತ್ತಾರೆ, ಚೆನ್ನಾಗಿದ್ದೀರಾ ಎಂದು. ಅದಕ್ಕೆ ಅವರದೇ ನುಡಿಯಲ್ಲಿ ತಡವರಿಸದೆ ಉತ್ತರ ಕೊಟ್ಟ ದಿನ ಮೀಸೆ ತಿರುವಿದ್ದೆ. ಇಲ್ಲಿನ ಊಟ ನ್ಶಿಮಾ, ಮುಸುಕಿನ ಜೋಳದ ಹಿಟ್ಟಿನ ಬಿಳೀ ಮುದ್ದೆ. ಗುಬ್ಬಿಯ ಅಭ್ಯಾಸದಂತೆ ನಾನು ಅದನ್ನು ಗುಳುಂ ಎನಿಸಿದರೆ ಪಕ್ಕದ ಮನೆಯವರು ಹೊಟ್ಟೆ ಹಿಡಿದು ನಕ್ಕರು. ಅಗಿಯಬೇಕಂತೆ. ರಾಗಿಯ ಘಮವಿಲ್ಲದ ಮುದ್ದೆಯನ್ನು ಅಗಿಯುವಾಗೆಲ್ಲ ಅಕ್ಕನ ಅಡುಗೆಮನೆ ಕಣ್ಣಿಗೆ ಕಟ್ಟುತ್ತಿತ್ತು.

ಮುಂದೆ ತುಮಕೂರಿನ ಸುಶೀಲೆಯನ್ನು ಮದುವೆಯಾಗಿ ಕರೆತಂದೆ. ಮಗಳು ಪದ್ಮ ಇಲ್ಲಿಯೇ ಹುಟ್ಟಿದಳು. ಗುಬ್ಬಿಯ ಅತ್ತೆ ಕಸ ಗುಡಿಸದೆ ಕೂತ ಕಥೆಯನ್ನು ಅವಳಿಗೆ ಎಷ್ಟು ಸಲ ಹೇಳಿದರೂ ಸಾಲದು.

ಅವಳು ಶಾಲೆಗೆ ಹೋಗತೊಡಗಿದ ಮೇಲೆ ಅಕ್ಕನ ಮಗಳ ಮದುವೆ ಬಂತು. ಒಬ್ಬನೇ ಗುಬ್ಬಿಗೆ ಹೋದೆ. ಹೊಟ್ಟೆ ತುಂಬ ರಾಗಿಮುದ್ದೆ ನುಂಗಿದೆ, ಧಾರೆ ಮುಗಿದೊಡನೆ ಹೊರಟು ಬಂದೆ. ಲುಸಾಕಾದ ಮನೆಯ ಬಾಗಿಲು ತೆರೆದರೆ ನಡುಮನೆ ತುಂಬ ಕೆಂಪು ಧೂಳು, ಒಣಗಿದ ಮಾವಿನೆಲೆ.

"ನನ್ನನ್ನ ಕೇಳ್ಬೇಡಿ" ಎಂದಳು ಸುಶೀಲೆ. "ನಿಮ್ಮ ಮಗಳು ಪೊರಕೆ ಬಚ್ಚಿಟ್ಟಿದಾಳೆ."

"ನೀನು ತಲುಪಿದೆ ಅಂತ ತಂತೀನೇ ಬರ್ಲಿಲ್ವಲ್ಲಪ್ಪ" ಎಂದಳು ಪದ್ಮ, ಮುಖ ಊದಿಸಿಕೊಂಡು.

"ಮನೆಗೆ ಹೋದೋರು ಯಾರಾದ್ರೂ ತಂತಿ ಕೊಡ್ತಾರೇನಮ್ಮ?" ಬಾಯಿಂದ ಬಂದುಬಿಟ್ಟಿತು.

ಅವಳು ಧೂಳು ತುಂಬಿದ ನೆಲವನ್ನೂ ನನ್ನನ್ನೂ ನೋಡಿದಳು. "ಹಂಗಾದ್ರೆ ಇದು ಮನೆ ಅಲ್ವಾ?"

ಪೊರಕೆ ಇಸಕೊಂಡು ನಾನೇ ಗುಡಿಸಲು ಬಗ್ಗಿದೆ. ಆಗ ನೆನಪಾಯಿತು: ಗುಬ್ಬಿಯಲ್ಲಿ ಮದುವೆಮನೆಯ ಬಾಡಿದ ಹೂವು, ಅಕ್ಷತೆ ಎಲ್ಲ ನೆಲದ ಮೇಲೇ ಇರುತ್ತವೆ, ಅಕ್ಕ ನನ್ನ ತಂತಿಗೆ ಕಾಯುತ್ತಿರುತ್ತಾಳೆ.

ಮಗಳ ಕೈ ಹಿಡಿದು ತಂತಿ ಕಚೇರಿಗೆ ಓಡಿದೆ. ಬರೆಯಬೇಕಾದದ್ದು ಒಂದೇ ಮಾತು, ತಲುಪಿದೆ ಎಂದು. ಅದನ್ನು ಬರೆಯಲು ನನಗೆ ತುಂಬ ಹೊತ್ತು ಹಿಡಿಯಿತು.