ಲಗಮಪ್ಪನವರು ನೋಡಿ ಕೂಡಿಸಿದ ಜೋಡಿಗಳು

ಕೃಷ್ಣಾ ನದಿಯ ಈ ದಂಡೆಯಲ್ಲಿ ನಾಟಕಕ್ಕೆ ಬೆಳಕು ಕಟ್ಟುವವರು ನೂರು ಜನ ಸಿಕ್ಕಾರು. ಆದರೆ ಯಾವ ಟ್ರಾನ್ಸ್‌ಫಾರ್ಮರಿಗೆ ಯಾವ ಡಿಮ್ಮರು ಹೊಂದುತ್ತದೆ, ಯಾವುದು ಮನೆ ಸುಡುತ್ತದೆ ಎಂದು ನೋಡಿ ಹೇಳುವವರು ಶ್ರೀ ಲಗಮಪ್ಪನವರೊಬ್ಬರೇ. ಉಗಾರದಲ್ಲಿ ಕೂತು ನಿಪ್ಪಾಣಿಯ ಟ್ರಾನ್ಸ್‌ಫಾರ್ಮರ್ ಡಬ್ಬಿ ಬಿಸಿಯಾದದ್ದನ್ನು ಹಿಡಿಯುವ ಮೂಗು ಅವರದು. ಸಕ್ಕರೆ ಕಾರ್ಖಾನೆಯ ವಿದ್ಯುತ್ ವಿಭಾಗದಿಂದ ಈ ವರ್ಷ, 1999ರಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ; ಈ ಅಭಿನಂದನ ಗ್ರಂಥ ಅದಕ್ಕಾಗಿಯೇ.

1983ರಲ್ಲಿ ನನ್ನ ಯಜಮಾನರು ಸತ್ಯಪ್ಪನವರು ಅಥಣಿಯ ನಾಟಕ ಮಂಡಳಿಗೆ ಸೇರಿದಾಗ ಅವರಿಗೆ ಬೆಳಕಿನ ಕೆಲಸ ಕಲಿಸಿದವರು ಇವರೇ. ಕಬ್ಬಿನ ಹಂಗಾಮು ಮುಗಿದರೆ ನಮ್ಮೊಂದಿಗೆ ಊರೂರು ತಿರುಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಒಂದೂವರೆ ಸಲ ನೋಡಿದ್ದೇನೆ; ಆ ಅರ್ಧ ಸಲದ್ದು ಆಕಳಿಕೆಯೂ ಇರಬಹುದು.

1991ರಲ್ಲಿ ಮಂಡಳಿಗೆ ಹೊಸ ಬಲ್ಬುಗಳು ಬಂದವು. ಬಾರಿಹಣ್ಣಿನಷ್ಟು ಗಾತ್ರ, ಸೂರ್ಯನಿಗೇ ಕಣ್ಣು ಕುಕ್ಕುವಷ್ಟು ಬೆಳಕು. ಅವು ಹನ್ನೆರಡೇ ವೋಲ್ಟಿನವು, ನಡುವೆ ಟ್ರಾನ್ಸ್‌ಫಾರ್ಮರ್ ಬೇಕು. ಬೆಳಕು ಏರಿಸಿ ಇಳಿಸಲು ಯಜಮಾನರು ಹಳೆಯ ಡಿಮ್ಮರನ್ನೇ ಜೋಡಿಸಿದರು. ಸಾದಾ ಬಲ್ಬಿಗೆಂದು ಲಗಮಪ್ಪನವರು ಕೊಟ್ಟಿದ್ದ ಡಿಮ್ಮರು ಅದು. ರಾಯಬಾಗದಲ್ಲಿ ಮಧ್ಯಾಹ್ನದ ತಾಲೀಮು. ಬೆಳಕು ಇಳಿಸಿದೊಡನೆ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನತೊಡಗಿತು.

ಹಾರ್ಮೋನಿಯಂ ಪೇಟಿ ಬಾರಿಸುವ ಗುರಪ್ಪ ಕಿವಿಗೊಟ್ಟು ಕೇಳಿದ.

"ಸತ್ಯಪ್ಪಾ, ಬಂದ್ ಮಾಡಬ್ಯಾಡೋ! ನಿನ್ನ ಡಬ್ಬಿ ಕಾಳಿ ಚಾರ್ ಹಿಡದೈತಿ!"

ಕಾಳಿ ಚಾರ್ ಎಂದರೆ ಪೇಟಿಯ ನಾಲ್ಕನೆಯ ಕರಿ ಮನೆ, ನಮ್ಮ ನಾಯಕಿ ಹಾಡುವ ಸುರ.

"ಇನ್ನ ತಂಬೂರಿ ಯಾಕ ಬೇಕ್ರಿ?" ಎಂದು ನಾನೂ ನಕ್ಕೆ.

ಆ ಸುರಕ್ಕೇ ಎರಡು ಪದ ಹಾಡಿದರು. ಡಬ್ಬಿ ನರಳುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಮೂರನೆಯ ಪದಕ್ಕೆ ಪರದೆ ಹೊತ್ತಿಕೊಂಡಿತು. ಎಲ್ಲರೂ ಹೊರಗೋಡಿದೆವು; ಮೇನ್ ಸ್ವಿಚ್ ತೆಗೆಯಲು ಯಜಮಾನರು ಒಳಗೆ ಹೋದರು. ಮೂರು ದಿನ ಬದುಕಿದ್ದರು, ಅಷ್ಟೇ.

ಮಂಡಳಿಯ ಮಾಲಕರು ಭಾವುಸಾಹೇಬರು ಪಂಚರ ಮುಂದೆ, "ಕುಡದ ಕೈಲೆ ವಾಯರ್ ಜೋಡಿಸ್ಯಾನ್ರಿ" ಎಂದರು. ಒಂದು ಹನಿ ಮುಟ್ಟದ ಮನುಷ್ಯ. ಆ ಮಾತು ನಿಂತಿದ್ದರೆ ರಂಗಕ್ಕೆ ಬೆಂಕಿಯಿಟ್ಟ ಕುಡುಕನೆಂಬ ಹೆಸರು ಅವರಿಗೆ ಶಾಶ್ವತವಾಗುತ್ತಿತ್ತು, ಅವನ ಹೆಂಡತಿಯೆಂಬ ಹೆಸರು ನನಗೆ.

ಲಗಮಪ್ಪನವರು ಸುಟ್ಟ ಡಬ್ಬಿಯನ್ನು ಧೋತರದಲ್ಲಿ ಕಟ್ಟಿ ತಂದು ಪಂಚರ ಮುಂದೆ ಬಿಚ್ಚಿದರು.

"ತಪ್ಪ ನಂದೈತ್ರಿ. ಸಾದಾ ಬಲ್ಬಿನ ಡಿಮ್ಮರ ಇದಕ್ಕ ಹಚ್ಚಿದ್ರ ಇದು ಗುಂಯ್ ಅಂತೈತಿ, ಕಾಯ್ತೈತಿ, ಸುಡತೈತಿ. ನನಗ ಗೊತ್ತಿತ್ತು. ಹೊಸ ಬಲ್ಬ ಬಂದಾವಂತ ಕೇಳಿದ ಮ್ಯಾಲೂ ಸತ್ಯಪ್ಪಗ ಹೇಳಲಿಲ್ಲ."

"ಯಾಕ ಹೇಳಲಿಲ್ಲಪಾ?" ಎಂದರು ಪಂಚರು.

"ನಾಳೆ ಹೇಳಿದ್ರಾತು ಅಂದ್ಕೊಂಡ್ನಿ."

ಪಂಚರು ಕುಡಿತದ ಮಾತನ್ನು ತೆಗೆದುಹಾಕಿದರು. ಭಾವುಸಾಹೇಬರು ತಲೆ ತಗ್ಗಿಸಿದರು.

ತಿಂಗಳಾದ ಮೇಲೆ ಲಗಮಪ್ಪನವರು ಎರಡು ಡಬ್ಬಿ ಬಣ್ಣ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಮಲಕವ್ವಕ್ಕಾ, ಅವನ ಕೆಲಸ ಇನ್ನ ನೀವ ಮಾಡ್ರಿ." ಅಕ್ಷರ ಕೂಡಿಸಿ ಓದುವಷ್ಟರಲ್ಲಿ ನನಗೆ ನಾಟಕವೇ ಮುಗಿಯುತ್ತಿತ್ತು. ಅದಕ್ಕೆ ಟ್ರಾನ್ಸ್‌ಫಾರ್ಮರಿಗೂ ಅದಕ್ಕೆ ಒಪ್ಪುವ ಡಿಮ್ಮರಿಗೂ ಕೆಂಪು ಬೊಟ್ಟು, ಸಾದಾ ಬಲ್ಬಿನದಕ್ಕೆ ಹಳದಿ ಬೊಟ್ಟು ಇಟ್ಟುಕೊಟ್ಟರು.

"ಹಣೀಗ ಕುಂಕುಮ ಇಲ್ಲದಾಕಿ ಕಡಿಂದ ದಿನಾ ಕುಂಕುಮದ ಜೋಡಿ ಹುಡಕಸ್ತೀರಲ್ರಿ ಅಣ್ಣಾರ!" ಎಂದೆ. ನಗಲಿಲ್ಲ. ಕುಂಚ ತೊಳೆಯುತ್ತಾ ಬಹಳ ಹೊತ್ತು ಕೂತಿದ್ದರು.

ಅಂದಿನಿಂದ ಚಿಕ್ಕೋಡಿ, ಸದಲಗಾ, ಕಾಗವಾಡ, ಎಲ್ಲಿ ರಂಗ ಕಟ್ಟಿದರೂ ಕರೆಯದೆ ಬರುತ್ತಾರೆ, ಹೊಂದದ ಡಿಮ್ಮರು ಕಿತ್ತು ಕೆಳಗಿಟ್ಟು, ಚಹಾ ಸಹ ಕುಡಿಯದೆ ಹೋಗುತ್ತಾರೆ. ಆ ತಪ್ಪು ಮಾಫಾಯಿತೇ ಎಂದು ಅವರು ಕೇಳಿಲ್ಲ, ನಾನು ಹೇಳಿಲ್ಲ. ಈ ಗ್ರಂಥದಲ್ಲಾದರೂ ಹೇಳಬೇಕೆಂದು ಸಂಪಾದಕರ ಒತ್ತಾಯ. ಹೇಳುವುದಿಲ್ಲ. ಹೇಳಿದ ಮರುದಿನ ಅವರು ಮನೆಯಲ್ಲಿ ಕೂತುಬಿಟ್ಟರೆ ಊರೂರಿನ ಡಬ್ಬಿಗಳ ಪಕ್ಕ ಕೂತ ಗಂಡಂದಿರ ಗತಿ ಏನು?

ಲಗಮಪ್ಪಣ್ಣನವರೇ, ನೂರಲ್ಲ, ಇನ್ನೂರು ವರ್ಷ ಗಟ್ಟಿಯಾಗಿರಿ. ಬಿಡುವು ಕಾರ್ಖಾನೆ ಕೊಟ್ಟೀತು, ನಾನು ಕೊಡುವುದಿಲ್ಲ.