ಬಿಳಿ ಮನೆಯ ದೃಷ್ಟಿಗೊಂಬೆ

ಗೃಹಾಲಂಕಾರದ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಕಾಲ. ಹೊರಮಾವು ಬಡಾವಣೆಯ ಹೊಸ ಫ್ಲಾಟೊಂದರ ಫೋಟೋ ತೆಗೆಸಲು ಹೋಗಿದ್ದೆ. ಗೋಡೆ ಬಿಳಿ, ನೆಲ ಬಿಳಿ, ಸೋಫಾ ಬಿಳಿ; ಕೂತರೆ ಕೊಳೆಯಾದೀತೆಂದು ಎಲ್ಲರೂ ನಿಂತೇ ಇದ್ದೆವು. ಬಾಲ್ಕನಿ ಬಾಗಿಲ ಮೇಲೆ ಮಾತ್ರ ನಾಲಿಗೆ ಚಾಚಿದ ಕೆಂಪು ದೃಷ್ಟಿಗೊಂಬೆ.

"ಮೇಡಂ, ಅದನ್ನ ಐದು ನಿಮಿಷ ಇಳಿಸ್ಬಿಡೋಣ," ಎಂದ ಆ ಮನೆಯ ಒಳಾಂಗಣ ಮಾಡಿದ್ದ ಡಿಸೈನರ್. ಅವನ ಕೆಲಸ ಮೊದಲ ಸಲ ಮುಖಪುಟಕ್ಕೆ ಬರುವುದಿತ್ತು, ಬೆವರುತ್ತಿದ್ದ.

"ಇಷ್ಟು ದಿನ ನೆಂಟರು ಮಾತ್ರ ನೋಡ್ತಿದ್ರು. ಈಗ ಊರೋರೆಲ್ಲ ನೋಡ್ತಾರೆ. ಇಳಿಸೋದಾ? ಇನ್ನೊಂದು ಕಟ್ಬೇಕು ರೀ!" ಎಂದರು ಮನೆಯಾಕೆ.

"ಫೋಟೋ ಆದ್ಮೇಲೆ ನಾನೇ ಕಟ್ತೀನಿ, ಮೇಡಂ."

"ಫೋಟೋದಲ್ಲಿ ಇರಲ್ವಲ್ಲಪ್ಪಾ! ಗೊಂಬೆ ಇಲ್ದಿದ್ರೆ ಫೋಟೋನೂ ಬೇಡ."

ನಾನು ದೃಷ್ಟಿಯನ್ನು ನಂಬುವವನಲ್ಲ, ಡಿಸೈನರುಗಳನ್ನೂ ನಂಬುವವನಲ್ಲ. ಆದರೆ ಅವರಿಬ್ಬರಲ್ಲಿ ತರ್ಕ ಇದ್ದದ್ದು ಆಕೆಯ ಮಾತಿನಲ್ಲಿ. ಗೊಂಬೆ ಉಳಿಯಿತು. ಚಿತ್ರದ ಕೆಳಗಿನ ಸಾಲು ಬರೆಯುವ ಕರ್ಮ ನನ್ನದು. 'ಬಿಳಿಯ ಮೌನಕ್ಕೆ ಜಾನಪದದ ದಿಟ್ಟ ಸ್ಪರ್ಶ' ಎಂದು ಬರೆದೆ.

ಸಂಚಿಕೆ ಬಂದ ಮೇಲೆ ಡಿಸೈನರ್ ಫೋನ್ ಮಾಡಿದ. "ಸಾರ್, ಹೊಸ ಕ್ಲೈಂಟ್ಸ್ ಎಲ್ಲಾ ಆ ಗೊಂಬೆನೇ ಕೇಳ್ತಿದಾರೆ. ಬಿಳಿ ಬಣ್ಣದಲ್ಲಿ ಮಾಡಿಸ್ಬೋದಾ?"

ಕೆಟ್ಟ ಕಣ್ಣಿಗೂ ಒಂದು ಅಭಿರುಚಿ ಇರುತ್ತದೆಂದು ನಂಬಿದ್ದನೋ ಏನೋ.